ಕೂಸಿನ ತೋಳಿನ ಕಲೆ

ಐನಾಪುರದಲ್ಲಿ ಬಾಣಂತಿಯನ್ನು ನೋಡಹೋದವರು ಕೂಸಿನ ಎಡತೋಳು ಕಂಡು, “ಅಯ್ಯ, ಸೂಜಿ ಚುಚ್ಚಿದಲ್ಲಿ ಕೀವ ಆಗೇತಲ್ಲವ್ವಾ!” ಎನ್ನುವುದುಂಟು. ತಾಯಿಯ ಎದೆ ಧಸಕ್ಕೆನ್ನುತ್ತದೆ. ಅವಳಿಗಾಗಿ ಈ ನಾಲ್ಕು ಮಾತು.

ಅದು ಕ್ಷಯದ ಲಸಿಕೆಯಾದ ಬಿ.ಸಿ.ಜಿ.ಯ ಗುರುತು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾಂ ಎಂಬವರು ದನಗಳ ಕ್ಷಯದ ರೋಗಾಣುವನ್ನು 1908ರಿಂದ ಹದಿಮೂರು ವರ್ಷ ಮತ್ತೆ ಮತ್ತೆ ಬೆಳೆಸಿ ಅದರ ಕೆಡುಕನ್ನು ಕುಗ್ಗಿಸಿದರು. 1921ರಲ್ಲಿ ಮೊದಲ ಕೂಸಿಗೆ ಅದನ್ನು ಕೊಟ್ಟದ್ದು ಬಾಯಿಯಿಂದ. ಚರ್ಮದ ದಾರಿ ಹಿಡಿದದ್ದು ಆಮೇಲೆ.

ಚರ್ಮವೇ ಏಕೆ? ಅದು ಬರಿಯ ಹೊದಿಕೆಯಲ್ಲ. ಊರ ಅಗಸಿಯಲ್ಲಿ ಕಾವಲಿನವರಿದ್ದಂತೆ, ಹೊರಗಿನಿಂದ ಬಂದ ರೋಗಾಣುವನ್ನು ಹಿಡಿದು ಕಂಕುಳಿನ ಗಂಟುಗಳಿಗೆ ಸುದ್ದಿ ಮುಟ್ಟಿಸುವ ಕಣಗಳು ಚರ್ಮದಲ್ಲಿ ದಟ್ಟವಾಗಿವೆ. ಆದ್ದರಿಂದ ಹಸುಗೂಸಿಗೆ ಒಂದು ಮಿಲಿಲೀಟರಿನ ಇಪ್ಪತ್ತರಲ್ಲೊಂದು ಪಾಲು ಸಾಕು. ನರ್ಸಮ್ಮ ಸೂಜಿಯನ್ನು ಹೆಚ್ಚುಕಡಿಮೆ ಮಲಗಿಸಿ ಚುಚ್ಚುತ್ತಾರೆ. ಸಣ್ಣ ಬೊಬ್ಬೆ ಎದ್ದರೆ ಲಸಿಕೆ ಸರಿಯಾದ ಪದರದಲ್ಲಿ ಕುಳಿತಿತೆಂದು ಅರ್ಥ. ಆಳಕ್ಕಿಳಿದರೆ ಬಾವು ಆಗುವ ಸಂಭವ ಹೆಚ್ಚು. ನೋಡಲು ಸುಲಭ, ಮಾಡಲು ಕೈ ಪಳಗಿರಬೇಕು.

ಬೊಬ್ಬೆ ಅರ್ಧ ಗಂಟೆಯಲ್ಲಿ ಅಡಗುತ್ತದೆ. ಎರಡು ಮೂರು ವಾರಕ್ಕೆ ಅಲ್ಲಿಯೇ ಗುಳ್ಳೆ ಎದ್ದು, ಬೆಳೆದು, ಒಡೆದು, ತಾನಾಗಿ ಮಾಯುತ್ತದೆ. ಇದೆಲ್ಲ ಮುಗಿಯಲು ಎರಡು ಮೂರು ತಿಂಗಳು ಹಿಡಿಯಬಹುದು. ಅರಿಸಿನ ಬೇಡ, ಬೇವಿನ ಲೇಪ ಬೇಡ, ಪಟ್ಟಿಯೂ ಬೇಡ. ಅಜ್ಜಿಯಂದಿರು ಕೋಪಿಸಿಕೊಳ್ಳಬಾರದು! ಕಂಕುಳಲ್ಲಿ ಗಡ್ಡೆ ದೊಡ್ಡದಾದರೆ ಮಾತ್ರ ಡಾಕ್ಟರಿಗೆ ತೋರಿಸಿ. ಕಲೆ ಬೀಳದ ಮಕ್ಕಳೂ ಇದ್ದಾರೆ. ಅವರಿಗೆ ಎರಡನೆಯ ಸಲ ಹಾಕಿಸಬೇಕಾಗಿಲ್ಲ.

ಮನೆಯ ಹಿರಿಯರ ತೋಳಿನಲ್ಲಿರುವ ದೊಡ್ಡ ಕಲೆ ಬೇರೆ. ಅದು ದೇವಿ ಹಾಕಿಸಿದ್ದು. ಬೆಳಗಾವಿಯ ತಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಎಂಬ ಹೆಸರು ಉಳಿದಿರುವುದು ಆ ಲಸಿಕೆಯಿಂದಲೇ.

ಬಿ.ಸಿ.ಜಿ. ಸರ್ವರಕ್ಷೆಯಲ್ಲ. ಮಿದುಳಿನ ಪೊರೆಗೆ ತಗಲುವ ಕ್ಷಯ, ಮೈತುಂಬ ಹರಡುವ ಕ್ಷಯ, ಎಳೆಯರನ್ನು ಕೊಲ್ಲುವ ಈ ಎರಡನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಆದರೆ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ತೊಡಗಿದ ದೊಡ್ಡ ಪರೀಕ್ಷೆಯ ಫಲಿತಾಂಶ 1979ರಲ್ಲಿ ಹೊರಬಿದ್ದಾಗ, ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಅದರಿಂದ ರಕ್ಷಣೆ ಕಾಣಲಿಲ್ಲ. ಕೂಸಿಗೆ ರೋಗ ತಗಲುವುದು ಮನೆಯಲ್ಲಿ ಕೆಮ್ಮುವ ದೊಡ್ಡವರಿಂದಲೇ. ಬೇನೆ ಬಲಿತ ಮೇಲೆ ಮಿರಜಕ್ಕೆ ಓಡುವುದು ನಮ್ಮ ಭಾಗದ ಹಳೆಯ ರೂಢಿ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಮೊದಲು ಹತ್ತಿರದ ಸರಕಾರಿ ದವಾಖಾನೆಯಲ್ಲಿ ಕಫ ತೋರಿಸಿ. ಅಲ್ಲಿ ಪರೀಕ್ಷೆಗಾಗಲಿ ಔಷಧಕ್ಕಾಗಲಿ ಹಣವಿಲ್ಲ.