ಹೆಚ್ಚು ಓದಿದ ನರ್ಸ್ ಎಲ್ಲಿರಬೇಕು: ವಿಶೇಷ ಶುಶ್ರೂಷೆಯ ಸ್ನಾತಕೋತ್ತರ ವ್ಯಾಸಂಗ

ನೋಂದಾಯಿತ ನರ್ಸ್‌ಗಳ ಸ್ನಾತಕೋತ್ತರ ವ್ಯಾಸಂಗವನ್ನು ಕುರಿತ ಈ ವಿಚಾರ ಸಂಕಿರಣವು ಪಠ್ಯಕ್ರಮ, ಪರೀಕ್ಷೆ, ಸೀಟುಗಳ ಸಂಖ್ಯೆ ಮೊದಲಾದವನ್ನು ಚರ್ಚಿಸುವ ಮುನ್ನ ಎದುರಿಸಬೇಕಾದ ಪ್ರಶ್ನೆಯೊಂದಿದೆ: ಹೆಚ್ಚು ಓದಿದ ನರ್ಸ್ ಇರಬೇಕಾದುದು ಎಲ್ಲಿ? ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು, ವಾರ್ಡಿನಲ್ಲಿ ದುಡಿದು, ಆಮೇಲೆ ಎರಡು ವರ್ಷ ಎಂ.ಎಸ್ಸಿ. ನರ್ಸಿಂಗ್ ಓದಿದವರಲ್ಲಿ ಅನೇಕರು ನೇರವಾಗಿ ಕಾಲೇಜಿನ ಬೋಧನಾ ಹುದ್ದೆಗೆ ಹೋಗುತ್ತಾರೆ. ಯಾವ ರೋಗಿಗಳ ಆರೈಕೆಗೆಂದು ಆ ವಿದ್ಯೆ ರೂಪುಗೊಂಡಿತೋ ಆ ರೋಗಿಗಳಿಗೇ ಅದು ಸಿಗದೆ ಹೋಗುತ್ತದೆ.

ಇದಕ್ಕೆ ಚಾರಿತ್ರಿಕ ಕಾರಣವಿದೆ. 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಗಿ, 1959ರಲ್ಲಿ ಇಂದು ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿನಲ್ಲಿರುವ ದೆಹಲಿಯ ಕಾಲೇಜು ಸ್ನಾತಕೋತ್ತರ ಶಿಕ್ಷಣವನ್ನು ಕೈಗೆತ್ತಿಕೊಂಡಾಗ, ದೇಶದಲ್ಲಿ ನರ್ಸಿಂಗ್ ಕಲಿಸಬಲ್ಲವರೇ ವಿರಳವಾಗಿದ್ದರು. ಆಗ ಈ ಪದವಿ ಅಧ್ಯಾಪಕರನ್ನು ಸಿದ್ಧಗೊಳಿಸಿದ್ದು ಅಗತ್ಯವೇ ಆಗಿತ್ತು. ವೈದ್ಯಕೀಯ-ಶಸ್ತ್ರಚಿಕಿತ್ಸಾ, ಮಕ್ಕಳ, ಪ್ರಸೂತಿ ಮತ್ತು ಸ್ತ್ರೀರೋಗ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ ಎಂಬ ಐದು ಶಾಖೆಗಳಾಗಿ ಅದು ಬೆಳೆದ ಮೇಲೂ ಹಳೆಯ ಉದ್ದೇಶವೇ ಮುಂದುವರಿದುದು ಮಾತ್ರ ವಿಷಾದದ ಸಂಗತಿ.

ವಿಶೇಷ ವ್ಯಾಸಂಗದ ಬೆಲೆ ಏನೆಂಬುದು ಮಾನಸಿಕ ಆರೋಗ್ಯ ಶುಶ್ರೂಷೆಯಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಅಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಶಿಕ್ಷಣವೂ ಮೊದಲಾಯಿತು. ಆ ಸಂಸ್ಥೆಯೂ ಪಕ್ಕದ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಲಿಥಿಯಂ ಸೇವಿಸುವ ರೋಗಿಯಲ್ಲಿ ವಾಂತಿ, ಭೇದಿ, ಹೆಚ್ಚುತ್ತಿರುವ ಕೈನಡುಕ, ತೊದಲು ಮಾತು ಒಟ್ಟಿಗೆ ಕಂಡರೆ ಅದು ಔಷಧಿ ರಕ್ತದಲ್ಲಿ ವಿಷಮಟ್ಟಕ್ಕೆ ಏರಿರುವುದರ ಸೂಚನೆಯಿರಬಹುದೆಂದೂ, ಕ್ಲೋಜಪಿನ್ ಸೇವಿಸುವವರಲ್ಲಿ ಜ್ವರ, ಗಂಟಲುನೋವು ಬಂದರೆ ಬಿಳಿ ರಕ್ತಕಣಗಳ ಎಣಿಕೆಯನ್ನು ತಡಮಾಡದೆ ನೋಡಬೇಕೆಂದೂ, ತೀವ್ರ ಖಿನ್ನತೆಯಿಂದ ಚೇತರಿಸಿಕೊಳ್ಳತೊಡಗಿದವರಲ್ಲಿ ಮನಸ್ಸಿನ ಭಾರ ಇಳಿಯುವ ಮೊದಲೇ ಮೈಗೆ ಚೈತನ್ಯ ಮರಳಬಹುದಾದ್ದರಿಂದ ಆತ್ಮಹತ್ಯೆಯ ಅಪಾಯದ ಮೇಲಿನ ನಿಗಾ ಸಡಿಲಿಸಬಾರದೆಂದೂ ಬಲ್ಲ ನರ್ಸ್ ರಾತ್ರಿಪಾಳಿಯಲ್ಲಿ ಇದ್ದಾಳೋ ಇಲ್ಲವೋ ಎಂಬುದು ಜೀವದ ಪ್ರಶ್ನೆ. ಹೀಗಿದ್ದೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ಸಾಮಾನ್ಯ ನರ್ಸಿಂಗ್‌ನ ಡಿಪ್ಲೊಮಾ ಅಥವಾ ಪದವಿ ಪಡೆದವರೂ, ಮನೋರೋಗ ಶುಶ್ರೂಷೆಯಲ್ಲಿ ವಿಶೇಷ ವ್ಯಾಸಂಗ ಮಾಡಿದವರೂ ಒಂದೇ ಸಾಲಿನಲ್ಲಿ ‘ಮಾನಸಿಕ ಆರೋಗ್ಯ ನರ್ಸ್’ ಆಗುತ್ತಾರೆ. ತರಬೇತಾದವರ ಕೊರತೆ ಈ ಉದಾರತೆಗೆ ಕಾರಣವಿದ್ದೀತು. ಆದರೆ ವ್ಯಾಸಂಗಕ್ಕೆ ಕಾನೂನಿನಲ್ಲೇ ಪ್ರತ್ಯೇಕ ಸ್ಥಾನವಿಲ್ಲದಿದ್ದರೆ ಆಸ್ಪತ್ರೆಗಳು ಅದನ್ನು ಮನ್ನಿಸಬೇಕೆಂದು ನಿರೀಕ್ಷಿಸುವುದು ಕಷ್ಟ.

ಬೇರೊಂದು ದಾರಿಯನ್ನು ಭಾರತೀಯ ಶುಶ್ರೂಷಾ ಪರಿಷತ್ತೇ ತೋರಿಸಿದೆ. ತೀವ್ರ ನಿಗಾ ಶುಶ್ರೂಷೆಯ ನರ್ಸ್ ಪ್ರಾಕ್ಟೀಷನರ್ ಎಂಬ ಅದರ ಎರಡು ವರ್ಷಗಳ ಸ್ನಾತಕೋತ್ತರ ಕಾರ್ಯಕ್ರಮವು ರೆಸಿಡೆನ್ಸಿ ಮಾದರಿಯದು, ಅಂದರೆ ವಿದ್ಯಾರ್ಥಿಯು ತರಗತಿಗಿಂತ ಹೆಚ್ಚಿನ ಕಾಲವನ್ನು ಐಸಿಯುನಲ್ಲಿ ಹೊಣೆ ಹೊತ್ತು ದುಡಿಯುತ್ತಲೇ ಕಲಿಯುವಂಥದು. ನರ್ಸ್ ಪ್ರಾಕ್ಟೀಷನರ್ ಎಂದರೆ ರೋಗಿಯನ್ನು ಸ್ವತಃ ಪರೀಕ್ಷಿಸಿ, ಒಪ್ಪಿತ ನಿಯಮಾವಳಿಯ ಮಿತಿಯೊಳಗೆ ಚಿಕಿತ್ಸೆಯ ನಿರ್ಧಾರ ಕೈಗೊಳ್ಳುವ ನರ್ಸ್. ಈ ಕಲ್ಪನೆ 1965ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ಅವರ ಕೈಯಲ್ಲಿ ರೂಪ ತಳೆಯಿತು. ಆದರೆ ಆ ಪದವಿ ಪಡೆದವರಿಗೆ ತಕ್ಕ ಹುದ್ದೆಯನ್ನು, ಅಧಿಕಾರವನ್ನು, ವೇತನಶ್ರೇಣಿಯನ್ನು ಸೃಷ್ಟಿಸದೆ ಕೋರ್ಸನ್ನು ಮಾತ್ರ ಸೃಷ್ಟಿಸಿದರೆ, ಅವರೂ ಮತ್ತೆ ಸಾಮಾನ್ಯ ಪಾಳಿಗೋ ಕಾಲೇಜಿಗೋ ವಿದೇಶಕ್ಕೋ ಹೊರಡುವುದು ಸಹಜ. ಅವರನ್ನು ದೂರುವುದು ನ್ಯಾಯವಲ್ಲ.

ಶಿಕ್ಷಣಕ್ಕೂ ರೋಗಿಯ ಉಳಿವಿಗೂ ಸಂಬಂಧವಿದೆ ಎಂಬುದಕ್ಕೆ ಆಧಾರವಿದೆ. ಲಿಂಡಾ ಏಕನ್ ಮತ್ತು ಸಂಗಡಿಗರು ಯುರೋಪಿನ 9 ದೇಶಗಳ ಆಸ್ಪತ್ರೆಗಳಲ್ಲಿ ನಡೆಸಿ 2014ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವೀಧರ ನರ್ಸ್‌ಗಳ ಪ್ರಮಾಣ ಶೇ. 10ರಷ್ಟು ಹೆಚ್ಚಿದ್ದೆಡೆ ಶಸ್ತ್ರಚಿಕಿತ್ಸೆಗೆ ಒಳಗಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಕಡಿಮೆಯಿತ್ತು. ಅದು ಸ್ನಾತಕ ಪದವಿಯ ಕುರಿತದ್ದು, ಬೇರೆ ದೇಶಗಳದ್ದು ನಿಜ. ಆದರೆ ಆ ಪದವೀಧರರು ರೋಗಿಗಳ ಬಳಿಯಲ್ಲಿದ್ದರು ಎಂಬ ಅಂಶವನ್ನು ಇಲ್ಲಿ ಮರೆಯುವಂತಿಲ್ಲ.

ಆದ್ದರಿಂದ ಈ ಸಂಕಿರಣದ ಗೋಷ್ಠಿಗಳು ಹೊಸ ಶಾಖೆಗಳನ್ನು ಸೂಚಿಸುವಾಗ ಪ್ರತಿಯೊಂದಕ್ಕೂ ಆಸ್ಪತ್ರೆಯಲ್ಲಿ ಯಾವ ಹುದ್ದೆ, ಆ ಹುದ್ದೆಗೆ ಯಾವ ನಿರ್ಧಾರಗಳ ಅಧಿಕಾರ ಎಂಬುದನ್ನೂ ಜೊತೆಗೇ ಬರೆಯಬೇಕಾಗುತ್ತದೆ. ಅಧ್ಯಾಪಕರೇ ವಾರ್ಡಿನ ಹೊಣೆಯನ್ನೂ ಹೊರುವ ಜಂಟಿ ವ್ಯವಸ್ಥೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ರೂಢಿಯಲ್ಲಿದೆ. ಅದನ್ನು ಕರ್ನಾಟಕದ ಸರ್ಕಾರಿ ಬೋಧನಾ ಆಸ್ಪತ್ರೆಗಳಿಗೆ ಅಳವಡಿಸಬೇಕಾದರೆ ಯಾವ ಸೇವಾ ನಿಯಮಗಳು ಬದಲಾಗಬೇಕು ಎಂಬುದನ್ನು ಮೊದಲ ಗೋಷ್ಠಿಯೇ ಕೈಗೆತ್ತಿಕೊಳ್ಳುವುದು ಸೂಕ್ತ.