ಕುರಿ ಮೇಯ್ದ ಚೆಲುವು: ಇಂಗ್ಲೆಂಡಿನ ಸರೋವರ ಸೀಮೆ



ಪರಿಸರದ ಮೇಲೆ ಮಾತಾಡುತ್ತಾರೆ ಎಂದು ಆಹ್ವಾನ ಪತ್ರಿಕೆಯಲ್ಲಿ ಓದಿ ಬಂದವರು ಪಶ್ಚಿಮಘಟ್ಟವನ್ನು ನಿರೀಕ್ಷಿಸಿರುತ್ತೀರಿ. ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಲೇಕ್ ಡಿಸ್ಟ್ರಿಕ್ಟನ್ನು. ಸರೋವರ ಸೀಮೆ ಎಂದು ಕರೆಯೋಣ. ನಮ್ಮಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದ ಬಹಳ ಮಂದಿಗೆ ಈ ಸೀಮೆ ಗೊತ್ತಿಲ್ಲದೆಯೇ ಗೊತ್ತು. ವರ್ಡ್ಸ್‌ವರ್ತನ ಡ್ಯಾಫೊಡಿಲ್ ಪದ್ಯವನ್ನು ಬಾಯಿಪಾಠ ಮಾಡಿ, ಆ ಹೂವನ್ನು ಕಣ್ಣಿಂದ ಕಾಣದೆಯೇ ಅದರ ಸಾರಾಂಶ ಬರೆದು ಪಾಸಾದವರು ನಾವು. ಆ ಹೂಗಳಿದ್ದದ್ದು ಅಲ್ಲಿಯ ಅಲ್ಸ್‌ವಾಟರ್ ಸರೋವರದ ದಡದಲ್ಲಿ. 1802ರ ಏಪ್ರಿಲ್ 15ರಂದು, ಗಾಳಿ ಜೋರಾಗಿದ್ದ ದಿನ, ಅಣ್ಣ ತಂಗಿ ಆ ದಾರಿಯಲ್ಲಿ ನಡೆದು ಬರುವಾಗ ಕಂಡದ್ದನ್ನು ತಂಗಿ ಡೊರೊತಿ ದಿನಚರಿಯಲ್ಲಿ ಬರೆದಿಟ್ಟಳು. ಅಣ್ಣ ಪದ್ಯ ಕಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಪದ್ಯದಲ್ಲಿ ಅವನೊಬ್ಬನೇ ಅಲೆಯುತ್ತಾನೆ. ಡೊರೊತಿಯ ಹೆಸರು ನಮ್ಮ ಪರೀಕ್ಷೆಗೂ ಬರಲಿಲ್ಲ.

ಕುವೆಂಪು ಅವರ ಮೇಲೆ ವರ್ಡ್ಸ್‌ವರ್ತನ ಪ್ರಭಾವ ಎಷ್ಟು ಎಂಬುದನ್ನು ನಮ್ಮ ವಿಮರ್ಶಕರು ಸಾಕಷ್ಟು ಚರ್ಚಿಸಿದ್ದಾರೆ. ನಾನು ಅದಕ್ಕೆ ಕೈಹಾಕುವುದಿಲ್ಲ. ಚೆಲುವಾದ ಒಂದು ನಾಡನ್ನು ಕಾಯುವುದೆಂದರೇನು, ಯಾರಿಂದ ಕಾಯಬೇಕು, ಯಾರಿಗಾಗಿ ಎಂಬ ಜಗಳ ಇನ್ನೂರು ವರ್ಷದಿಂದ ಅಲ್ಲಿ ನಡೆದಿದೆ. ಇವತ್ತು ಹೇಳಹೊರಟಿರುವುದು ಆ ಜಗಳದ ಕಥೆ.

ಸೀಮೆಯೇನೂ ದೊಡ್ಡದಲ್ಲ. ರಾಷ್ಟ್ರೀಯ ಉದ್ಯಾನದ ವಿಸ್ತಾರ 2,362 ಚದರ ಕಿಲೋಮೀಟರ್, ಅಂದರೆ ನಮ್ಮ ಕೊಡಗಿನ ಅರ್ಧಕ್ಕಿಂತ ತುಸು ಹೆಚ್ಚು. ಇಂಗ್ಲೆಂಡಿಗೇ ಎತ್ತರವಾದ ಸ್ಕಾಫೆಲ್ ಪೈಕ್ ಇರುವುದು ಇಲ್ಲೇ, 978 ಮೀಟರ್, ಮುಳ್ಳಯ್ಯನಗಿರಿಯ ಅರ್ಧದಷ್ಟು. ಹಿಮಯುಗದ ನೀರ್ಗಲ್ಲುಗಳು ನಡುಬೆಟ್ಟದಿಂದ ಸುತ್ತಲೂ ಇಳಿಯುತ್ತ ಕೊರೆದ ಕಣಿವೆಗಳು ಗಾಡಿಚಕ್ರದ ಅರಕಾಲುಗಳ ಹಾಗೆ ಹರಡಿಕೊಂಡಿವೆ. ಹೋಲಿಕೆ ನನ್ನದಲ್ಲ, ವರ್ಡ್ಸ್‌ವರ್ತನದೇ. ಕಣಿವೆಗಳಲ್ಲಿ ನೀರು ನಿಂತು ವಿಂಡರ್‌ಮಿಯರ್, ಕಾನಿಸ್ಟನ್, ವಾಸ್ಟ್‌ವಾಟರ್, ಡರ್ವೆಂಟ್‌ವಾಟರ್ ಆಗಿವೆ. ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಜನ ವಾಸಿಸುವ ಊರುಗಳಲ್ಲಿ ಇಂಗ್ಲೆಂಡಿಗೆಲ್ಲ ಅದೇ ಹೆಚ್ಚು. ಆಗುಂಬೆಯವರು ಕೇಳಿದರೆ ನಕ್ಕಾರು. ಆದರೆ 2015ರ ಡಿಸೆಂಬರಿನಲ್ಲಿ ಹಾನಿಸ್ಟರ್ ಕಣಿವೆಯಲ್ಲಿ ಒಂದೇ ದಿನಕ್ಕೆ 341 ಮಿಲಿಮೀಟರ್ ಸುರಿದಾಗ ಯಾರೂ ನಗಲಿಲ್ಲ. ಸೇತುವೆಗಳು ಕೊಚ್ಚಿಹೋದವು, ರಸ್ತೆಗಳು ಹೊಳೆಯಾದವು.

ಚಿತ್ರಪಟಗಳಲ್ಲಿ ಈ ಬೆಟ್ಟಗಳು ಬೋಳಾಗಿ, ಹಸಿರು ಹುಲ್ಲು ಹೊದ್ದು, ಕಲ್ಲಿನ ಪೌಳಿಗೋಡೆಗಳನ್ನು ಮೈಮೇಲೆ ಎಳೆದುಕೊಂಡು ನಿಂತಿರುತ್ತವೆ. ಕನ್ಯೆ ನಿಸರ್ಗ ಎಂದು ಬೆರಗಾಗುವವರು ಇದ್ದಾರೆ. ಇಲ್ಲಿ ಒಂದು ಕಾಲಕ್ಕೆ ಕಾಡಿತ್ತು. ಐದಾರು ಸಾವಿರ ವರ್ಷಗಳ ಹಿಂದೆ ಲ್ಯಾಂಗ್‌ಡೇಲ್ ಬೆಟ್ಟದ ಹಸಿರುಗಲ್ಲಿನಲ್ಲಿ ಜನ ಕೊಡಲಿ ಮಾಡುತ್ತಿದ್ದರು. ಆ ಕೊಡಲಿಗಳು ಬ್ರಿಟನ್ನಿನ ಉದ್ದಗಲಕ್ಕೂ ಸಿಕ್ಕಿವೆ. ಕೊಡಲಿ ಇದ್ದಮೇಲೆ ಮರ ಉಳಿಯುತ್ತದೆಯೇ? ಆಮೇಲೆ ಕಡಲು ದಾಟಿ ಬಂದ ನಾರ್ಸ್ ಒಕ್ಕಲಿಗರು, ಅವರ ಬೆನ್ನಿಗೆ ಉಣ್ಣೆಯ ವ್ಯಾಪಾರದಲ್ಲಿ ದುಡ್ಡು ಕಂಡ ಮಠಗಳು. ಕೊನೆಗೆ ಉಳಿದದ್ದು ಕುರಿ, ಕುರಿಗಾಹಿ, ಹುಲ್ಲು. ನಾವು ನೋಡಿ ಮೆಚ್ಚುವ ನೋಟವನ್ನು ತಿದ್ದಿ ತೀಡಿದ್ದು ಕುರಿಯ ಹಲ್ಲು.

ಆ ಕುರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತಳಿಯ ಹೆಸರು ಹರ್ಡ್‌ವಿಕ್. ಮರಿ ಹುಟ್ಟುವಾಗ ಕಪ್ಪು, ಕಿವಿಯಂಚಿಗೆ ಮಾತ್ರ ಬಿಳಿ. ವರ್ಷ ತುಂಬುವಷ್ಟರಲ್ಲಿ ಕಂದು, ಆಮೇಲೆ ವರ್ಷವರ್ಷಕ್ಕೂ ಬೂದಿ ಬಣ್ಣ. ಮುಖ ಮಾತ್ರ ಬೆಳ್ಳಗೆ. ಉಣ್ಣೆ ಒರಟು. ಕತ್ತರಿಸುವ ಕೂಲಿಯೂ ಹುಟ್ಟದ ವರ್ಷಗಳೇ ಈಗ ಹೆಚ್ಚು. ಮೇವು ಸಿಗುವುದು ಬೇಲಿಯಿಲ್ಲದ ಎತ್ತರದ ಗೋಮಾಳದಲ್ಲಿ. ಹತ್ತಾರು ಒಕ್ಕಲುಗಳ ಮಂದೆ ಒಂದೇ ಬೆಟ್ಟದಲ್ಲಿ ಮೇಯ್ದರೂ ಪ್ರತಿ ಮಂದೆಯೂ ತನ್ನ ಪಾಲಿನ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಎಲ್ಲಿವರೆಗೆ ನಮ್ಮದು, ಎಲ್ಲಿಂದ ಆಚೆಯವರದು ಎಂಬುದನ್ನು ಮರಿ ತಾಯಿಯ ಹಿಂದೆ ತಿರುಗಿ ಕಲಿಯುತ್ತದೆ. ಅದು ತಾಯಾದಾಗ ತನ್ನ ಮರಿಗೆ ಕಲಿಸುತ್ತದೆ. ಆದ್ದರಿಂದಲೇ ಎಷ್ಟೋ ಕಡೆ ಮಂದೆ ಜಮೀನಿಗೆ ಸೇರಿದ ಆಸ್ತಿ. ಗೇಣಿದಾರ ಬಿಟ್ಟು ಹೋಗುವಾಗ ಕುರಿಗಳನ್ನು ಹೊಸಬನಿಗೆ ಒಪ್ಪಿಸಿ ಹೋಗಬೇಕು. ತಪ್ಪಿಸಿಕೊಂಡ ಕುರಿಯ ಗುರುತು ಹಿಡಿಯಲು ಕಿವಿಯಲ್ಲಿ ಕೊರೆದ ಕಚ್ಚು, ಉಣ್ಣೆಯ ಮೇಲೆ ಬಣ್ಣದ ಗೆರೆ. ಯಾರ ಕುರಿಗೆ ಯಾವ ಗುರುತು ಎಂದು ಚಿತ್ರಸಹಿತ ತೋರಿಸುವ ಕೈಪಿಡಿ 1817ರಲ್ಲೇ ಅಚ್ಚಾಯಿತು.

2001ರಲ್ಲಿ ಕಾಲುಬಾಯಿ ಜ್ವರ ಬಂದು ಈ ಪ್ರಾಂತ್ಯದಲ್ಲಿ ಸರ್ಕಾರ ಮಂದೆಗಳನ್ನು ಕೊಲ್ಲಿಸಿತು. ಪರಿಹಾರದ ಹಣವೇನೋ ಬಂತು. ಆದರೆ ಬೆಟ್ಟದ ಎಲ್ಲೆ ಬಲ್ಲ ಕುರಿ ಯಾವ ಸಂತೆಯಲ್ಲಿ ಸಿಗಬೇಕು? ಹೊಸ ಕುರಿ ತಂದವರು ಅವುಗಳನ್ನು ಅಲ್ಲಿ ನೆಲೆಗೊಳಿಸಲು ವರ್ಷಗಟ್ಟಲೆ ಒದ್ದಾಡಿದರು.

ಇನ್ನು ಜಗಳಕ್ಕೆ ಬರುತ್ತೇನೆ. 1810ರಲ್ಲಿ ಒಂದು ಚಿತ್ರಸಂಪುಟಕ್ಕೆ ಮುನ್ನುಡಿಯಾಗಿ, ಹೆಸರು ಹಾಕದೆ, ವರ್ಡ್ಸ್‌ವರ್ತ್ ಬರೆದ ಬರಹ ಬೆಳೆದು ಸರೋವರ ಸೀಮೆಯ ಮಾರ್ಗದರ್ಶಿ ಪುಸ್ತಕವಾಯಿತು. ಅದರಲ್ಲಿ ಅವನು ಹೊರಗಿನ ಶ್ರೀಮಂತರು ಬಂದು ಮನೆಗಳಿಗೆ ಬಳಿಯುವ ಕಣ್ಣುಕುಕ್ಕುವ ಬಿಳಿ ಬಣ್ಣಕ್ಕೂ, ಸಾಲುಸಾಲಾಗಿ ನೆಡುವ ಲಾರ್ಚ್ ಮರಗಳಿಗೂ ಹಿಡಿಶಾಪ ಹಾಕುತ್ತಾನೆ. ಸಣ್ಣ ಹಿಡುವಳಿಯ ಕುರಿಗಾಹಿಗಳು ದೊರೆಯ ಹಂಗಿಲ್ಲದೆ ಬದುಕಿದ ಸಮಾಜ ಅದು ಎಂದು ಹೊಗಳುತ್ತಾನೆ. ನೋಡುವ ಕಣ್ಣಿರುವ ಎಲ್ಲರಿಗೂ ಈ ನಾಡಿನ ಮೇಲೆ ಒಂದು ಬಗೆಯ ಹಕ್ಕಿದೆ ಎನ್ನುತ್ತಾನೆ. ರಾಷ್ಟ್ರೀಯ ಉದ್ಯಾನದ ಕಲ್ಪನೆಯ ಬೇರನ್ನು ಇಂಗ್ಲಿಷರು ಇಲ್ಲಿ ಕಾಣುತ್ತಾರೆ.

ಅದೇ ಮನುಷ್ಯ 1844ರಲ್ಲಿ ಕೆಂಡಲ್‌ನಿಂದ ವಿಂಡರ್‌ಮಿಯರಿಗೆ ರೈಲು ತರುವ ಯೋಜನೆ ಬಂದಾಗ ಪತ್ರಿಕೆಗೆ ಕಾಗದ ಬರೆದು ವಿರೋಧಿಸಿದ. ಗಿರಣಿಯ ಕೂಲಿಯವರು ಗಾಡಿ ತುಂಬಿ ಬಂದರೆ ಈ ಚೆಲುವು ಅವರಿಗೇನು ಅರ್ಥವಾದೀತು ಎಂಬುದು ಅವನ ವಾದದ ತಿರುಳು. ಜನರನ್ನು ಕರೆಯುವ ಪುಸ್ತಕ ಬರೆದವನೇ ಬಂದವರಿಗೆ ಬಾಗಿಲು ಹಾಕಲು ನೋಡಿದ. ಕವಿಯೆಂದು ರಿಯಾಯಿತಿ ತೋರಿಸುವ ಕಾರಣ ನನಗೆ ಕಾಣುವುದಿಲ್ಲ. 1847ರಲ್ಲಿ ರೈಲು ಬಂತು.

ಮೂವತ್ತು ವರ್ಷದ ಮೇಲೆ ನಡೆದ ಥರ್ಲ್‌ಮಿಯರ್ ಜಗಳ ಇನ್ನೂ ದೊಡ್ಡದು. ಹತ್ತಿಗಿರಣಿಗಳ ಮ್ಯಾಂಚೆಸ್ಟರ್ ನಗರಕ್ಕೆ ಕುಡಿಯುವ ನೀರು ಬೇಕಿತ್ತು. ಥರ್ಲ್‌ಮಿಯರ್ ಸರೋವರಕ್ಕೆ ಅಣೆ ಕಟ್ಟಿ ನೀರು ಒಯ್ಯುತ್ತೇವೆ ಎಂದಿತು ನಗರಸಭೆ. 1877ರಲ್ಲಿ ರಕ್ಷಣಾ ಸಂಘ ಹುಟ್ಟಿತು. ಕಾನಿಸ್ಟನ್ ದಡದಲ್ಲಿ ಮನೆ ಮಾಡಿಕೊಂಡಿದ್ದ ಲೇಖಕ ಜಾನ್ ರಸ್ಕಿನ್ ಕೆಂಡ ಕಾರಿದ. 1879ರಲ್ಲಿ ಪಾರ್ಲಿಮೆಂಟು ನಗರದ ಪರವಾಗಿ ಕಾಯಿದೆ ಮಾಡಿತು. 1894ರಲ್ಲಿ ಪಂಪಿನ ಹಂಗಿಲ್ಲದೆ, ಬರೀ ಇಳಿಜಾರಿನಲ್ಲಿ ಸುಮಾರು 154 ಕಿಲೋಮೀಟರ್ ಹರಿದು ನೀರು ಮ್ಯಾಂಚೆಸ್ಟರ್ ಮುಟ್ಟಿತು. ಕೊಳಕು ನೀರು ಕುಡಿದು ಸಾಯುತ್ತಿದ್ದ ನಗರದ ಬಡವರನ್ನು ನೆನೆದರೆ ನಗರಸಭೆಯದು ತಪ್ಪೆಂದು ಹೇಳಲು ನನ್ನ ನಾಲಗೆ ಏಳದು. ಆದರೂ ಹೋದದ್ದು ಹೋಯಿತು. ಸರೋವರದ ದಂಡೆಯ ದಾರಿಯಲ್ಲಿ ಒಂದು ಬಂಡೆಯಿತ್ತು. ವರ್ಡ್ಸ್‌ವರ್ತ್, ಡೊರೊತಿ, ಗೆಳೆಯ ಕೋಲ್‌ರಿಜ್, ಇನ್ನೂ ಕೆಲವರು ಹೋಗಿಬರುವಾಗ ಅದರ ಮೇಲೆ ತಂತಮ್ಮ ಹೆಸರಿನ ಮೊದಲಕ್ಷರ ಕೆತ್ತಿದ್ದರು. ಕಾಮಗಾರಿಯಲ್ಲಿ ಅದು ಒಡೆಯಿತು. ಕೆಸಿಕ್ ಊರಿನ ಪಾದ್ರಿ ಹಾರ್ಡ್‌ವಿಕ್ ರಾನ್ಸ್ಲಿ ಅಕ್ಷರವಿದ್ದ ಚೂರುಗಳನ್ನು ಆಯ್ದು ತಂದು ನೀರಿನ ಮಟ್ಟಕ್ಕಿಂತ ಮೇಲೆ ಇಡಿಸಿದ. ಇವತ್ತು ಅವು ಗ್ರಾಸ್‌ಮಿಯರಿನಲ್ಲಿ ಕವಿಯ ಮ್ಯೂಸಿಯಮ್ಮಿನ ಹಿಂದೆ ಇವೆ.

ಹೋರಾಟಗಾರರು ಸೋತರು. ಭೂಮಿ ನಮ್ಮ ಕೈಯಲ್ಲಿಲ್ಲದೆ ಕಾಗದ ಬರೆದು ಉಪಯೋಗವಿಲ್ಲ ಎಂಬ ಬುದ್ಧಿ ಬಂದದ್ದು ಇಂಥ ಜಗಳಗಳಲ್ಲೇ ಇರಬೇಕು. ರಾನ್ಸ್ಲಿ, ಲಂಡನ್ನಿನ ಕೊಳೆಗೇರಿಗಳಲ್ಲಿ ಕೆಲಸ ಮಾಡಿದ ಆಕ್ಟೇವಿಯಾ ಹಿಲ್, ವಕೀಲ ರಾಬರ್ಟ್ ಹಂಟರ್, ಈ ಮೂವರು ಸೇರಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದರು. 1902ರಲ್ಲಿ ಡರ್ವೆಂಟ್‌ವಾಟರ್ ದಡದ ಬ್ರ್ಯಾಂಡಲ್‌ಹೌ ಎಂಬ ತೋಪನ್ನು ಸಾರ್ವಜನಿಕ ಚಂದಾ ಎತ್ತಿ ಕೊಂಡರು. ಹಣ ಬಂದದ್ದು ಗಿರಣಿ ಊರುಗಳಿಂದಲೂ. ಒಬ್ಬ ಕೂಲಿಯವನು ಎರಡು ಶಿಲ್ಲಿಂಗ್ ಕಳಿಸಿ, ಇದಕ್ಕಿಂತ ಹೆಚ್ಚು ಆಗದು, ಆದರೆ ಆ ಸರೋವರವನ್ನು ಒಮ್ಮೆ ನೋಡಿದವನು ಮರೆತಿಲ್ಲ ಎಂದು ಬರೆದಿದ್ದನಂತೆ. ವರ್ಡ್ಸ್‌ವರ್ತನ ರೈಲಿನ ಕಾಗದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ.

ಪೀಟರ್ ರ‍್ಯಾಬಿಟ್ ಎಂಬ ಮೊಲದ ಕಥೆ ಬರೆದ ಬಿಯಾಟ್ರಿಕ್ಸ್ ಪಾಟರ್ ನಮ್ಮ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆಲ್ಲ ಗೊತ್ತು. ಆಕೆ ಪುಸ್ತಕದ ಹಣದಲ್ಲಿ 1905ರಲ್ಲಿ ಹಿಲ್ ಟಾಪ್ ಎಂಬ ಜಮೀನು ಕೊಂಡು, ಬರಬರುತ್ತ ಪಕ್ಕಾ ಕುರಿ ಸಾಕಣೆಗಾರ್ತಿಯಾದದ್ದು ಅಷ್ಟಾಗಿ ತಿಳಿದಿಲ್ಲ. 1943ರಲ್ಲಿ ತೀರಿಕೊಂಡಾಗ 4,000 ಎಕರೆಗೂ ಮೇಲ್ಪಟ್ಟ ಭೂಮಿಯನ್ನು ಟ್ರಸ್ಟಿಗೆ ಬಿಟ್ಟಳು. ಬೆಟ್ಟದ ಜಮೀನುಗಳಲ್ಲಿ ಶುದ್ಧ ಹರ್ಡ್‌ವಿಕ್ ಮಂದೆಯೇ ಇರಬೇಕೆಂದು ಉಯಿಲಿನಲ್ಲಿ ಷರತ್ತು. ನೋಟ ಉಳಿಯಬೇಕಾದರೆ ಕಸುಬು ಉಳಿಯಬೇಕು ಎಂಬುದನ್ನು ಕಾಯಿದೆ ಮಾಡಿದವರಿಗಿಂತ ಮೊದಲೇ ಈ ಹೆಂಗಸು ಕಂಡುಕೊಂಡಿದ್ದಳು.

ಕಾಯಿದೆ ಬಂದದ್ದು 1949ರಲ್ಲಿ. ಸರೋವರ ಸೀಮೆ ರಾಷ್ಟ್ರೀಯ ಉದ್ಯಾನವಾದದ್ದು 1951ರಲ್ಲಿ. ಅಷ್ಟರಲ್ಲಿ ಮ್ಯಾಂಚೆಸ್ಟರ್ ಇನ್ನೊಂದು ಕಣಿವೆ ನುಂಗಿತ್ತು. ಹಾಸ್‌ವಾಟರ್ ಅಣೆಕಟ್ಟಿಗಾಗಿ ಮಾರ್ಡೇಲ್ ಗ್ರೀನ್ ಎಂಬ ಹಳ್ಳಿ ಮುಳುಗಿತು. ಚರ್ಚಿನ ಅಂಗಳದ ಗೋರಿಗಳಿಂದ 90ಕ್ಕೂ ಹೆಚ್ಚು ದೇಹಗಳನ್ನು ತೆಗೆದು ಶ್ಯಾಪ್ ಎಂಬಲ್ಲಿ ಮತ್ತೆ ಹೂಳಿದರು. ತಪ್ಪಿಸಿಕೊಂಡ ಕುರಿಗಳನ್ನು ಅವರವರಿಗೆ ಒಪ್ಪಿಸಲು ಪ್ರತಿ ನವೆಂಬರಿನಲ್ಲಿ ಡನ್ ಬುಲ್ ಎಂಬ ಹೆಂಡದಂಗಡಿಯಲ್ಲಿ ಸೇರುತ್ತಿದ್ದ ಕುರಿಗಾಹಿಗಳ ಕೂಟಕ್ಕೂ ಜಾಗವಿಲ್ಲದಾಯಿತು. ನೀರು ತೀರ ಇಳಿದ ವರ್ಷಗಳಲ್ಲಿ ಊರಿನ ಗೋಡೆಗಳು ಮೇಲೇಳುತ್ತವೆ. ಜನ ಕಾರು ತೆಗೆದುಕೊಂಡು ನೋಡಲು ಹೋಗುತ್ತಾರೆ. ಶರಾವತಿಯ ಹಿನ್ನೀರಿನ ಕಡೆಯವರು ಯಾರಾದರೂ ಈ ಸಭೆಯಲ್ಲಿದ್ದರೆ ಅವರಿಗೆ ವಿವರಿಸುವ ಅಗತ್ಯವಿಲ್ಲ.

ಯುನೆಸ್ಕೊ ಕಥೆ ಬೇಗ ಮುಗಿಸುತ್ತೇನೆ. 1980ರ ದಶಕದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಅರ್ಜಿ ಹೋದಾಗ ಇದನ್ನು ನಿಸರ್ಗ ಎನ್ನಬೇಕೋ ಸಂಸ್ಕೃತಿ ಎನ್ನಬೇಕೋ ಎಂದು ಸಮಿತಿಗೆ ಬಗೆಹರಿಯಲಿಲ್ಲ. ಇಂಥ ಇಕ್ಕಟ್ಟುಗಳಿಂದಾಗಿ 1992ರಲ್ಲಿ ಸಾಂಸ್ಕೃತಿಕ ಭೂದೃಶ್ಯ ಎಂಬ ಹೊಸ ವರ್ಗ ಹುಟ್ಟಿತು. 2017ರಲ್ಲಿ ಸರೋವರ ಸೀಮೆ ಅದರಡಿ ಪಟ್ಟಿ ಸೇರಿತು. ನಮ್ಮ ಪಶ್ಚಿಮಘಟ್ಟ 2012ರಲ್ಲಿ ಸೇರಿದ್ದು ನಿಸರ್ಗದ ಖಾನೆಗೆ. ನಮ್ಮ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ದನಕರು ಮೇಯಿಸುವಂತಿಲ್ಲ. ಅಲ್ಲಿ ಮೇಯಿಸದಿದ್ದರೆ ಉದ್ಯಾನವೇ ಇಲ್ಲ. ಅವರ ಪದ್ಧತಿಯನ್ನು ಕುದುರೆಮುಖಕ್ಕೆ ತಂದು ಹಚ್ಚಿ ಎಂದು ನಾನು ಹೇಳುತ್ತಿಲ್ಲ. ಹುಲಿಯಿರುವ ಕಾಡಿನ ಲೆಕ್ಕ ಬೇರೆ.

ಅಲ್ಲಿಯೂ ಎಲ್ಲ ಸರಿಯಿಲ್ಲ. ಜಾರ್ಜ್ ಮಾನ್‌ಬಿಯಟ್‌ನಂಥ ಲೇಖಕರು, ಕುರಿ ಬೆಟ್ಟವನ್ನು ಬರಡು ಮಾಡಿದೆ, ಅದಕ್ಕೆ ಪರಂಪರೆಯ ಪಟ್ಟ ಕಟ್ಟಬಾರದು ಎಂದು ವಾದಿಸಿದರು. ಅದನ್ನು ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನ ಕೊನೆಯ ಹೊನ್ನಹದ್ದು ಒಂಟಿಯಾಗಿ ಹಾರಾಡುತ್ತಿದ್ದದ್ದು ಹಾಸ್‌ವಾಟರಿನ ಮೇಲೆ. 2015ರ ನಂತರ ಅದು ಕಾಣಲಿಲ್ಲ. ಇನ್ನೊಂದು ಕಡೆ ಜೇಮ್ಸ್ ರೀಬ್ಯಾಂಕ್ಸ್‌ನಂಥ ಕುರಿಗಾಹಿ ಲೇಖಕರು, ನಮ್ಮನ್ನು ಕಳೆದರೆ ಈ ನಾಡಿನಲ್ಲಿ ಉಳಿಯುವುದು ಹೋಟೆಲು ಮಾತ್ರ ಎನ್ನುವ ಧಾಟಿಯವರು. ಅವರ ಅಂಜಿಕೆಯೂ ಸುಳ್ಳಲ್ಲ. ಸುಮಾರು 40,000 ಜನರಿರುವ ಸೀಮೆಗೆ ವರ್ಷಕ್ಕೆ ಒಂದೂಮುಕ್ಕಾಲು ಕೋಟಿಯ ಆಸುಪಾಸು ಪ್ರವಾಸಿಗಳು ಬರುತ್ತಾರೆ. ಮನೆಗಳು ಪಟ್ಟಣದವರ ರಜಾಮನೆಗಳಾಗಿ, ಕುರಿಗಾಹಿಯ ಮಗನಿಗೆ ಹುಟ್ಟೂರಿನಲ್ಲಿ ಬಾಡಿಗೆ ಕೊಡಲಾಗುವುದಿಲ್ಲ. ವಿಂಡರ್‌ಮಿಯರಿಗೆ ಚರಂಡಿಯ ನೀರು ಸೇರಿ ಬೇಸಿಗೆಯಲ್ಲಿ ಪಾಚಿ ಕಟ್ಟುತ್ತದೆ.

ಇಬ್ಬರ ನಡುವೆ ನನ್ನ ತೀರ್ಮಾನ ಕೇಳಿದರೆ ಸ್ವಿಂಡೇಲ್ ಕಣಿವೆಯನ್ನು ತೋರಿಸುತ್ತೇನೆ. ಅಲ್ಲಿಯ ಹಳ್ಳವನ್ನು ಹುಲ್ಲುಗಾವಲಿಗಾಗಿ ಹಿಂದಿನವರು ಸುಮಾರು ಇನ್ನೂರು ವರ್ಷದ ಕೆಳಗೆ ನೆಟ್ಟಗೆ ಮಾಡಿದ್ದರು. 2016ರಲ್ಲಿ ಪಕ್ಷಿ ಸಂರಕ್ಷಣಾ ಸಂಸ್ಥೆಯೂ ನೀರಿನ ಕಂಪನಿಯೂ ಸೇರಿ ಅದಕ್ಕೆ ಹಳೆಯ ಅಂಕುಡೊಂಕನ್ನು ಮರಳಿ ಕೊಟ್ಟರು. ಕೆಲವೇ ತಿಂಗಳಲ್ಲಿ ಸಾಲ್ಮನ್ ಮೀನು ಬಂದು ಮೊಟ್ಟೆಯಿಟ್ಟಿತು. ಕುರಿಯನ್ನು ಕಡಿಮೆ ಮಾಡಿದ್ದಾರೆ, ತೆಗೆದುಹಾಕಿಲ್ಲ. ಹುಲ್ಲು ಕೊಯ್ಯುವ ಗದ್ದೆಯೂ ಇದೆ. ಈ ಹೊಂದಾಣಿಕೆ ಎರಡೂ ಬಣಗಳ ಉತ್ಸಾಹಿಗಳಿಗೆ ರುಚಿಸದಿರಬಹುದು. ನನಗೆ ಇದೇ ಸರಿ ಅನ್ನಿಸಿದೆ.

ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ಎರಡು ಕೋರಿಕೆ. ವರ್ಡ್ಸ್‌ವರ್ತನ ಪದ್ಯಗಳ ಜೊತೆಗೆ ಆ ಮಾರ್ಗದರ್ಶಿಯನ್ನೂ ಓದಿ. ಸಣ್ಣ ಪುಸ್ತಕ, ನಿಮ್ಮಲ್ಲಿ ಒಬ್ಬರು ಕನ್ನಡಕ್ಕೆ ತರಬಹುದು. ಎರಡನೆಯದು, ನಮ್ಮ ಘಟ್ಟದ ಹುಲ್ಲುಗಾವಲಲ್ಲಿ ದನ ಮೇಯಿಸಿದವರು, ಯಾವ ಬೋರೆಯಲ್ಲಿ ಯಾವ ತಿಂಗಳು ಮೇವು, ಯಾವ ಹಳ್ಳ ಎಲ್ಲಿ ತಿರುಗುತ್ತಿತ್ತು ಎಂದು ಬಲ್ಲವರು ಇನ್ನೂ ಇದ್ದಾರೆ. ಅವರನ್ನು ಕೇಳಿ ಬರೆದುಕೊಳ್ಳಿ. ಅವರಿಗೆಲ್ಲ ವಯಸ್ಸಾಗಿದೆ, ಆದಷ್ಟು ಬೇಗ ಹೋಗಿ.