ಕಾರ್ಖಾನೆಯ ಕೊಳೆನೀರು ಮತ್ತು ಫೀನಾಲು

(ಸಂಘದ ಆಶ್ರಯದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ಕೊಳೆನೀರಿನ ಮಾತನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ತೋರಬಹುದು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮವರಲ್ಲಿ ಕಾರ್ಖಾನೆಗಳಲ್ಲಿ ದುಡಿಯುವವರಿದ್ದಾರೆ. ಅವುಗಳ ನೆರೆಯಲ್ಲಿ ಮನೆ ಹಿಡಿದವರೂ ಇದ್ದಾರೆ. ನಾನು ರಸಾಯನಶಾಸ್ತ್ರ ಓದಿದವನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತೆಯಾದವನು. ಸಣ್ಣ ಕಾರ್ಖಾನೆಗಳ ಸಾಲದ ಕಡತಗಳಲ್ಲಿ ‘ಕೊಳೆನೀರಿನ ಶುದ್ಧೀಕರಣ’ ಎಂಬ ಬಾಬ್ತು ಮತ್ತೆ ಮತ್ತೆ ಕಣ್ಣಿಗೆ ಬಿದ್ದುದರಿಂದ ಅದರ ಬೆನ್ನು ಹತ್ತಿದೆ.

ಫೀನಾಲಿನ ವಾಸನೆ ಹಿರಿಯರಿಗೆ ಹೊಸದಲ್ಲ. ಕಾರ್ಬಾಲಿಕ್ ಸಾಬೂನಿನ ಆಸ್ಪತ್ರೆ ವಾಸನೆಯೇ ಅದು. 1865ರಲ್ಲಿ ಲಿಸ್ಟರ್ ಎಂಬ ಶಸ್ತ್ರವೈದ್ಯ ಗಾಯ ಕೊಳೆಯದಂತೆ ಬಳಸಿದ್ದು ಇದನ್ನೇ. ಪ್ಲೈವುಡ್ಡಿನ ಅಂಟು, ರಾಳ, ಔಷಧಿ, ಬಣ್ಣ ಇವುಗಳಿಗೆಲ್ಲ ಇದು ಬೇಕು. ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲನ್ನು ಕಾಯಿಸಿ ಕೋಕ್ ಮಾಡುವಾಗಲೂ ನೀರಿಗೆ ಸೇರುತ್ತದೆ. ಕ್ರಿಮಿಯನ್ನು ಕೊಲ್ಲುವ ಗುಣ ಗಾಯದಲ್ಲಿ ಒಳ್ಳೆಯದು. ಹೊಳೆಯಲ್ಲಿ ಮೀನಿಗೂ ಅದೇ ಗತಿ.

ಇದರಲ್ಲಿ ಇನ್ನೊಂದು ಕುಹಕವಿದೆ. ಕುಡಿಯುವ ನೀರಿಗೆ ನಾವು ಕ್ಲೋರಿನ್ ಹಾಕುತ್ತೇವಷ್ಟೆ. ಫೀನಾಲು ಅದರೊಡನೆ ಕೂಡಿ ಕ್ಲೋರೋಫೀನಾಲಾದರೆ ಅತ್ಯಲ್ಪ ಪ್ರಮಾಣದಲ್ಲೇ ನೀರು ಔಷಧಿಯಂತೆ ನಾರುತ್ತದೆ. ಅಂಥ ನೀರಿನಲ್ಲಿ ಚಿಕ್ಕಮಗಳೂರಿನ ಪುಡಿ ಹಾಕಿದರೂ ಕಾಫಿ ಕಾಫಿಯಾಗದು!

1991ರ ಮಾರ್ಚಿಯಲ್ಲಿ ದಕ್ಷಿಣ ಕೊರಿಯಾದ ಗುಮಿ ಪಟ್ಟಣದಲ್ಲಿ ದೂಸಾನ್ ಸಮೂಹದ ಕಾರ್ಖಾನೆಯೊಂದರ ಕೊಳವೆ ಒಡೆದು ಸುಮಾರು 30 ಟನ್ನು ಫೀನಾಲು ನಕ್ದೊಂಗ್ ನದಿಗೆ ಹರಿಯಿತು. ಕೆಳಗಿನ ದೇಗು ನಗರದಲ್ಲಿ ಅದೇ ನೀರಿಗೆ ಕ್ಲೋರಿನ್ ಬೆರೆಸಿದರು. ಮನೆಮನೆಯ ನಲ್ಲಿಯೂ ನಾರಿತು. ಜನ ಆ ಸಮೂಹದ ಸರಕನ್ನು ಕೊಳ್ಳುವುದನ್ನೇ ಬಿಟ್ಟರು. ಏಪ್ರಿಲಿನಲ್ಲಿ ಮತ್ತೊಮ್ಮೆ ಸೋರಿತು; ಸಮೂಹದ ಅಧ್ಯಕ್ಷರು ಹುದ್ದೆ ಬಿಟ್ಟರು, ಪರಿಸರ ಮಂತ್ರಿಗಳ ಪದವಿಯೂ ಹೋಯಿತು.

ಗುಮಾಸ್ತೆಯ ಚಟದಿಂದ ಒಂದು ಲೆಕ್ಕ ಹಾಕಿದೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕದಂತೆ ಲೀಟರಿಗೆ 0.001 ಮಿಲಿಗ್ರಾಂ ಫೀನಾಲು ಮಾತ್ರ ಒಪ್ಪಿತ. 30 ಟನ್ನನ್ನು ಬರಿಯ ನೀರು ಬೆರೆಸಿಯೇ ಈ ಮಟ್ಟಕ್ಕೆ ಇಳಿಸಬೇಕಾದರೆ ತುಂಬಿದ ಕನ್ನಂಬಾಡಿಯಂಥ 21 ಕಟ್ಟೆಗಳ ನೀರು ಬೇಕು. ‘ಹೊಳೆಗೆ ಬಿಟ್ಟರೆ ತೆಳುವಾಗಿಹೋಗುತ್ತದೆ’ ಎನ್ನುವವರಿಗೆ ಇಷ್ಟು ಸಾಕು.

ಹಾಗಾದರೆ ತೆಗೆಯುವುದು ಹೇಗೆ? ಫೀನಾಲು ದಟ್ಟವಾಗಿದ್ದರೆ ತಕ್ಕ ದ್ರಾವಕದಿಂದ ಸೆಳೆದು ಮರಳಿ ಪಡೆಯಬಹುದು, ಅದು ಹಣವೇ. ತೆಳುವಾದುದಕ್ಕೆ ಸೂಕ್ಷ್ಮಜೀವಿಗಳೇ ಗತಿ. ಕೊಲ್ಲುವ ವಿಷವನ್ನೇ ಉಣ್ಣುವ ಬ್ಯಾಕ್ಟೀರಿಯಗಳಿವೆ! ಆದರೆ ಅವಕ್ಕೆ ರೂಢಿ ಮಾಡಿಸಬೇಕು: ಮೊದಲು ಸ್ವಲ್ಪ, ವಾರ ಕಳೆದಂತೆ ಸ್ವಲ್ಪ ಹೆಚ್ಚು. ಸಾರಜನಕಕ್ಕೆ ಯೂರಿಯ, ಜೊತೆಗೆ ರಂಜಕ, ಹಗಲಿರುಳೂ ಗಾಳಿ. ಆಗ ಫೀನಾಲನ್ನು ಒಡೆದು ಇಂಗಾಲಾಮ್ಲವನ್ನೂ ನೀರನ್ನೂ ಮಾಡುತ್ತವೆ. ಒಮ್ಮೆಗೇ ಹೆಚ್ಚು ಸುರಿದರೆ ಅವೂ ಸಾಯುತ್ತವೆ, ಮತ್ತೆ ಮೊದಲಿನಿಂದ ಸಾಕಬೇಕು. ಉಳಿದುದನ್ನು ತೆಂಗಿನ ಚಿಪ್ಪಿನಿಂದಲೂ ಮಾಡುವ ಪಟುಗೊಳಿಸಿದ ಇದ್ದಲು ಹೀರುತ್ತದೆ. 1894ರಲ್ಲಿ ಫೆಂಟನ್ ಎಂಬುವರು ಪ್ರಕಟಿಸಿದ ಕ್ರಮದಂತೆ ಕಬ್ಬಿಣದ ಲವಣ, ಹೈಡ್ರೊಜನ್ ಪೆರಾಕ್ಸೈಡುಗಳಿಂದ ಒಡೆಯುವುದೂ ಉಂಟು, ಖರ್ಚು ಹೆಚ್ಚು.

ಹೊಳೆಗೆ ಬಿಡುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಊರಿನ ಒಳಚರಂಡಿಗಾದರೆ 5 ಮಿಲಿಗ್ರಾಂ ಮಿತಿಯೆಂದು ನಮ್ಮ ಸಾಮಾನ್ಯ ನಿಯಮ. ಕಾನೂನಿಗೆ ಕೊರತೆಯಿಲ್ಲ. ಕೊರತೆ ಬರುವುದು ರಾತ್ರಿಯಲ್ಲಿ, ವಿದ್ಯುತ್ತಿನ ಬಿಲ್ಲು ಉಳಿಸಲು ಗಾಳಿಯ ಯಂತ್ರ ನಿಲ್ಲಿಸಿದಾಗ. ಶುದ್ಧೀಕರಣ ಲಾಭ ತಾರದ ಖರ್ಚೆಂದು ಮಾಲೀಕರು ಗೊಣಗುತ್ತಾರೆ. ಒಂಟಿಯಾಗಿ ಹೊರಲಾರದ ಸಣ್ಣವರಿಗೆ ಹಲವು ಕಾರ್ಖಾನೆಗಳು ಕೂಡಿ ನಡೆಸುವ ಸಾಮಾನ್ಯ ಘಟಕ ಒಳ್ಳೆಯ ದಾರಿ. ಆದರೆ ಅಲ್ಲಿಯೂ ಒಬ್ಬ ಕದ್ದು ಸುರಿದರೆ ಎಲ್ಲರ ಬ್ಯಾಕ್ಟೀರಿಯವೂ ಸತ್ತಂತೆ.

ಗೃಹಿಣಿಯರಿಗೆ ಒಂದು ಮಾತು. ನಲ್ಲಿಯ ನೀರು ಔಷಧಿಯಂತೆ ನಾರಿದರೆ ಕುದಿಸಿ ಕುಡಿಯೋಣವೆನ್ನಬೇಡಿ. ಫೀನಾಲು ಕುದಿಯುವುದೇ 182 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಶುಭ್ರವಾದ ಗಾಜಿನ ಸೀಸೆಯಲ್ಲಿ ಒಂದಿಷ್ಟು ಹಿಡಿದು, ದಿನವನ್ನೂ ಹೊತ್ತನ್ನೂ ಬರೆದು ಅಂಟಿಸಿ, ಕೂಡಲೇ ವಾರ್ಡ್ ಕಚೇರಿಗೆ ಮುಟ್ಟಿಸಿ. ಅವರು ಬರುವವರೆಗೆ ಮಕ್ಕಳಿಗೆ ಬೇರೆ ಕಡೆಯ ನೀರು ಕೊಡಿ.